ಊರಿನ ಆಸ್ಪತ್ರೆಗೆ ಯಂತ್ರ ಕೊಡುವ ಮೊದಲು ತಾಯಿಗೊಂದು ಮಂಚ

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳು ಊರಿನ ಆಸ್ಪತ್ರೆಗಳಿಗೆ ನೀಡುತ್ತಾ ಬಂದಿರುವ ನೆರವು ಸಣ್ಣದಲ್ಲ. ಆಂಬ್ಯುಲೆನ್ಸ್, ಡಯಾಲಿಸಿಸ್ ಯಂತ್ರ, ಗಾಲಿಕುರ್ಚಿಗಳ ಜೊತೆಗೆ ನವಜಾತ ಶಿಶುಗಳನ್ನು ಬೆಚ್ಚಗಿಡುವ ವಾರ್ಮರ್, ಇನ್‌ಕ್ಯುಬೇಟರ್‌ಗಳೂ ದಾನದ ಪಟ್ಟಿಯಲ್ಲಿ ಕಾಣಿಸುತ್ತವೆ. ಹಸ್ತಾಂತರ ಸಮಾರಂಭ ನಡೆಯುತ್ತದೆ, ಗಣ್ಯರಿಗೆ ಶಾಲು, ಸ್ಮರಣಿಕೆ, ಫಲಪುಷ್ಪ ಸಲ್ಲುತ್ತದೆ, ಭಾವಚಿತ್ರ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಎರಡು ವರ್ಷ ಕಳೆದ ಮೇಲೆ ಆ ಯಂತ್ರ ಏನಾಯಿತೆಂದು ಫೋನು ಮಾಡಿ ಕೇಳುವವರು ಮಾತ್ರ ವಿರಳ.

ಇದು ಪರರ ಮಕ್ಕಳ ಪ್ರಶ್ನೆಯೂ ಅಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಕಳುಹಿಸುವ ಪದ್ಧತಿ ಹೊರನಾಡ ಕನ್ನಡಿಗರಲ್ಲಿ ಇನ್ನೂ ಉಳಿದಿದೆ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ಊರಿನ ರೈಲು ಹತ್ತಿದವಳಿಗೆ ಎಂಟು ತುಂಬುವ ಮೊದಲೇ ನೋವು ಕಾಣಿಸಿಕೊಂಡರೆ ಆಕೆಯನ್ನು ಕರೆದೊಯ್ಯುವುದು ಮಣಿಪಾಲಕ್ಕಲ್ಲ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ. ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ ಹೆಣ್ಣುಮಕ್ಕಳಿಗಂತೂ ಇಲ್ಲಿಯೂ ಅಲ್ಲಿಯೂ ಸರ್ಕಾರಿ ಆಸ್ಪತ್ರೆಯೇ ಗತಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಭಾರತದಲ್ಲಿ ತಿಂಗಳು ತುಂಬದೆ ಹುಟ್ಟಿದ ಮಕ್ಕಳು ಸುಮಾರು 30 ಲಕ್ಷ. ಜಗತ್ತಿನ ಇಂಥ ಮಕ್ಕಳಲ್ಲಿ ಐದರಲ್ಲಿ ಒಂದಕ್ಕಿಂತ ಹೆಚ್ಚು ಪಾಲು ಈ ಒಂದೇ ದೇಶದ್ದು.

ಸೆಖೆಯ ನಾಡಿನಲ್ಲಿ ಮಗುವಿಗೆ ಚಳಿಯೆಲ್ಲಿಯದು ಎಂದು ಕೇಳುವವರಿದ್ದಾರೆ. ಹುಟ್ಟಿದ ಮಗು ಒದ್ದೆಯಾಗಿರುತ್ತದೆ. ತಾಯಿಯ ಹೊಟ್ಟೆಯ 37 ಡಿಗ್ರಿಯಿಂದ ಅದು ಬಂದು ಬೀಳುವುದು ಫ್ಯಾನು ತಿರುಗುವ ಕೋಣೆಗೆ, ಸಿಸೇರಿಯನ್ ಆದರೆ ಏಸಿ ಹಾಕಿದ ಆಪರೇಷನ್ ಕೋಣೆಗೆ. ಕೂಡಲೇ ಒರೆಸಿ ಮುಚ್ಚದಿದ್ದರೆ ಮೊದಲ 10-20 ನಿಮಿಷಗಳಲ್ಲೇ ಮೈಶಾಖ 2ರಿಂದ 4 ಡಿಗ್ರಿ ಇಳಿಯಬಲ್ಲದು. ತಿಂಗಳು ತುಂಬದ ಮಗುವಿಗೆ ಚರ್ಮ ತೆಳು, ಚರ್ಮದಡಿಯ ಕೊಬ್ಬು ಕಡಿಮೆ, ದೊಡ್ಡವರಂತೆ ನಡುಗಿ ಶಾಖ ಹುಟ್ಟಿಸಿಕೊಳ್ಳುವ ಶಕ್ತಿಯೂ ಇಲ್ಲ. ಮೈ ತಣ್ಣಗಾದಂತೆ ಇದ್ದಬದ್ದ ಸಕ್ಕರೆ, ಆಮ್ಲಜನಕಗಳೆಲ್ಲ ಶಾಖಕ್ಕೇ ಖರ್ಚಾಗುತ್ತವೆ. ಆಮೇಲೆ ಹಾಲು ಚೀಪಲು ತ್ರಾಣವಿಲ್ಲ, ಉಸಿರಾಟ ಕಷ್ಟ. ಮಗುವಿನ ಮೈಶಾಖ 36.5ರಿಂದ 37.5 ಡಿಗ್ರಿಯೊಳಗಿರಬೇಕು ಎಂಬುದು ವೈದ್ಯರ ನಿಯಮ. ಹೆರಿಗೆ ಕೋಣೆ 25 ಡಿಗ್ರಿಗಿಂತ ತಂಪಾಗಿರಬಾರದು ಎಂಬುದೂ ನಿಯಮವೇ. ಆದರೆ ಸೆಖೆಗೆ ಬೆವರುತ್ತಾ ಫ್ಯಾನು ಹಾಕಿಕೊಳ್ಳುವವರು ದೊಡ್ಡವರು, ಬೇಡವೆನ್ನಲು ಮಗುವಿಗೆ ಬಾಯಿಲ್ಲ.

ಇದಕ್ಕೆ ವಾರ್ಮರ್ ಒಳ್ಳೆಯ ಉಪಾಯ, ಸಂಶಯವಿಲ್ಲ. ಆದರೆ ಯಂತ್ರದ ಬೆಲೆ ಖಾತೆಯ ಮೊದಲ ನಮೂದು ಮಾತ್ರ. ಮಗುವಿನ ಹೊಟ್ಟೆಗೆ ಅಂಟಿಸುವ ಶಾಖ ಅಳೆಯುವ ವೈರು ಕೆಟ್ಟರೆ ಬೇರೆ ತರಿಸಬೇಕು, ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಸರ್ ಬೇಕು, ಕರೆಂಟು ಹೋದರೆ ಜನರೇಟರ್, ಅದಕ್ಕೆ ಡೀಸೆಲ್, ವರ್ಷಕ್ಕೊಮ್ಮೆ ಸರ್ವಿಸ್ ಕರಾರಿನ ಹಣ. ದಾನಪತ್ರದಲ್ಲಿ ಇವಾವುದೂ ಇರುವುದಿಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ 16 ಬಡ ದೇಶಗಳ ಆಸ್ಪತ್ರೆಗಳ 1 ಲಕ್ಷ 12 ಸಾವಿರ ಉಪಕರಣಗಳ ಪಟ್ಟಿ ನೋಡಿ, ಶೇ. 38ರಷ್ಟು ಕೆಲಸ ಮಾಡುತ್ತಿಲ್ಲವೆಂದು ಕಂಡುಕೊಂಡಿತು. ಮೂರರಲ್ಲಿ ಒಂದಕ್ಕಿಂತ ಹೆಚ್ಚು! ಬ್ಯಾಂಕಿನ ಸಾಲದಲ್ಲಿ ಇಷ್ಟು ಪಾಲು ಮುಳುಗಿದ್ದರೆ ಆ ಬ್ಯಾಂಕಿಗೆ ಬೀಗ ಬೀಳುತ್ತಿತ್ತು.

ಯಂತ್ರಗಳ ಕೊರತೆಯಿಂದಲೇ ಹುಟ್ಟಿದ ದಾರಿಯೊಂದಿದೆ. 1978-79ರ ಸುಮಾರಿಗೆ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ರಾಜಧಾನಿ ಬೊಗೊಟಾದ ಬಡವರ ಹೆರಿಗೆ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಒಂದರಲ್ಲೇ ಹಲವು ಮಕ್ಕಳನ್ನು ಮಲಗಿಸುವ ಸ್ಥಿತಿಯಿತ್ತು. ಒಂದರ ಸೋಂಕು ಇನ್ನೊಂದಕ್ಕೆ ಹರಡುತ್ತಿತ್ತು, ಮಗುವನ್ನು ಮುಟ್ಟಲೂ ಬಿಡದ ಕಾರಣ ಕೆಲವು ತಾಯಂದಿರು ಬಿಟ್ಟೇ ಹೋಗುತ್ತಿದ್ದರು. ಡಾ. ಎಡ್ಗರ್ ರೇ ಮತ್ತು ಡಾ. ಹೆಕ್ಟರ್ ಮಾರ್ಟಿನೆಜ್ ಅವರು ಮಗುವನ್ನು ಒರೆಸಿ, ತಲೆಗೆ ಕುಲಾವಿ ಹಾಕಿ, ಬರಿಮೈಯಲ್ಲಿ ತಾಯಿಯ ಎದೆಗವಚಿ ಬಟ್ಟೆ ಕಟ್ಟಿಬಿಟ್ಟರು. ಶಾಖವೂ ಅಲ್ಲೇ, ಹಾಲೂ ಅಲ್ಲೇ. ಹೊಟ್ಟೆಚೀಲದಲ್ಲಿ ಮರಿ ಸಾಕುವ ಪ್ರಾಣಿಯ ಹೆಸರಿನಿಂದ ಇದು ಕಾಂಗರೂ ಆರೈಕೆ ಎಂದು ಹೆಸರಾಯಿತು.

ಬಹುಕಾಲ ಇದು ಬಡವರ ಇನ್‌ಕ್ಯುಬೇಟರ್ ಎಂಬ ತಾತ್ಸಾರಕ್ಕೆ ಒಳಗಾಗಿತ್ತು. ಮಗು ಸುಧಾರಿಸಿದ ಮೇಲೆ ಮಾತ್ರ ಮಾಡಿಸುವ ಕ್ರಮವಿತ್ತು. 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗ ಆ ಎಣಿಕೆಯನ್ನು ಬದಲಿಸಿತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಹಾಗೂ ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾಗಳ ಆಸ್ಪತ್ರೆಗಳಲ್ಲಿ 1 ಕಿಲೋದಿಂದ 1.8 ಕಿಲೋದೊಳಗೆ ತೂಗುವ 3,211 ಮಕ್ಕಳು ಇದರಲ್ಲಿದ್ದರು. ಹುಟ್ಟಿದ ಕೂಡಲೇ ತಾಯಿಯ ಎದೆಗೆ ಬಂದು ದಿನಕ್ಕೆ ಸುಮಾರು 17 ಗಂಟೆ ಅಲ್ಲೇ ಉಳಿದ ಗುಂಪಿನಲ್ಲಿ 28 ದಿನದೊಳಗೆ ತೀರಿಕೊಂಡವು ಶೇ. 12. ಹಳೆಯ ಕ್ರಮದಲ್ಲಿ ಮೊದಲು ಯಂತ್ರದಡಿ ಇದ್ದ ಗುಂಪಿನಲ್ಲಿ ಶೇ. 15.7. ವ್ಯತ್ಯಾಸ ಅಷ್ಟು ಸ್ಪಷ್ಟವಾಗಿದ್ದುದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. 2022ರ ನವೆಂಬರಿನಲ್ಲಿ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಆರಂಭಿಸಬೇಕೆಂದು ಸಂಸ್ಥೆ ಶಿಫಾರಸು ಮಾಡಿತು.

ಇಲ್ಲೊಂದು ಮಾತನ್ನು ಮರೆಯಬಾರದು. ಆ ಪ್ರಯೋಗದಲ್ಲಿ ಯಂತ್ರಗಳನ್ನು ಹೊರಗೆ ಹಾಕಿರಲಿಲ್ಲ. ಉಸಿರಾಟದ ನೆರವು, ಆಮ್ಲಜನಕ, ನರ್ಸುಗಳು ಎಲ್ಲ ಇದ್ದರು. ಬದಲಾದದ್ದು ಇಷ್ಟೇ: ತಾಯಿಯ ಮಂಚ ಮಗುವಿನ ತೀವ್ರ ನಿಗಾ ಘಟಕದ ಒಳಗೆ ಬಂತು. ತಾಯಿಗೆ ರಕ್ತಸ್ರಾವವಾಗಿದ್ದಾಗ, ಮಗು ಸರಿಯಾಗಿ ಉಸಿರಾಡದಿದ್ದಾಗ ವಾರ್ಮರ್ ಬೇಕೇ ಬೇಕು. ತಾಯಿಯ ಎದೆ ಸಿಗದ ಹೊತ್ತಿಗೆ ಇನ್ನೊಂದು ಸಾಧನವೂ ಇದೆ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತರಗತಿಯೊಂದರಲ್ಲಿ ಹುಟ್ಟಿ, ಮುಂದೆ ಬೆಂಗಳೂರಿನಲ್ಲಿ ನೆಲೆಯೂರಿ ಬೆಳೆದ ‘ಎಂಬ್ರೇಸ್’ ಎಂಬ ಪುಟ್ಟ ಮಲಗುಚೀಲ ಅದು. ಬಿಸಿ ಮಾಡಿದ ಮೇಣದಂಥ ವಸ್ತು ಕೆಲವು ಗಂಟೆ ಕಾಲ ಕರೆಂಟಿಲ್ಲದೆ 37 ಡಿಗ್ರಿಯ ಆಸುಪಾಸಿನ ಶಾಖ ಕೊಡುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ಹೆಚ್ಚಿನ ಆಸ್ಪತ್ರೆಗಳಲ್ಲಿ ನಡೆಯುವುದೇನು? ಮಗು ಒಳಗೆ, ತಾಯಿ ಹೊರಗೆ. ಹಾಲು ಹಿಂಡಿ ಕೊಡಲು ಕರೆದಾಗ ಮಾತ್ರ ಆಕೆ ಒಳಹೋಗುವುದು, ಉಳಿದ ಹೊತ್ತೆಲ್ಲ ವರಾಂಡದ ಬೆಂಚು. ನಿನ್ನೆ ಮೊನ್ನೆ ಹೊಟ್ಟೆಗೆ ಹೊಲಿಗೆ ಬಿದ್ದವಳು ಪ್ಲಾಸ್ಟಿಕ್ ಸ್ಟೂಲಿನ ಮೇಲೆ 17 ಗಂಟೆ ಕೂರುವುದುಂಟೇ? ತಂದೆಯೂ ಅಜ್ಜಿಯೂ ಸರದಿಯಲ್ಲಿ ಮಗುವನ್ನು ಎದೆಗವಚಿಕೊಳ್ಳಬಹುದು, ಆದರೆ ಬಾಗಿಲಲ್ಲಿ ‘ಗಂಡಸರಿಗೆ ಪ್ರವೇಶವಿಲ್ಲ’ ಎಂಬ ಫಲಕ. ಅಡ್ಡ ಒಂದು ಪರದೆ ಇದ್ದರೆ ಆ ಫಲಕವೇ ಬೇಕಿಲ್ಲ. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸರ್ಕಾರಿ ಆಸ್ಪತ್ರೆಗಳ ಜೊತೆಗೂಡಿ ಕಾಂಗರೂ ಆರೈಕೆಯನ್ನು ರೂಢಿಗೆ ತರುವ ಕೆಲಸ ಮಾಡಿದ್ದುಂಟು. ದೊಡ್ಡ ನಗರಕ್ಕೆ ಮಾತ್ರ ಸಾಧ್ಯ ಎನ್ನುವವರಿಗೆ ಅದು ಉತ್ತರ.

ಮನೆಯ ಹಿರಿಯರ ಪಾಲೂ ಇದೆ. ಬಾಣಂತಿಯನ್ನೂ ಮಗುವನ್ನೂ ಬೆಚ್ಚಗಿಡಬೇಕೆಂಬ ಅಜ್ಜಿಯರ ಹಟ ಮೂಲತಃ ಸರಿಯೇ. ದಾರಿ ತಪ್ಪುವುದು ಬಾಗಿಲು ಮುಚ್ಚಿ ಕೆಂಡದ ಹೊಗೆ ಹಾಕುವಾಗ, ಬಿಸಿನೀರಿನ ಬಾಟಲಿಯನ್ನು ಮಗುವಿನ ಪಕ್ಕದಲ್ಲಿಟ್ಟು ಮೈ ಸುಡಿಸುವಾಗ, ಹುಟ್ಟಿದ ದಿನವೇ ಎಣ್ಣೆ ಹಚ್ಚಿ ನೀರೆರೆಯುವಾಗ. ಮೊದಲ 24 ಗಂಟೆ ಯಾವ ಮಗುವಿಗೂ ಸ್ನಾನ ಬೇಡ. ತೂಕ ಕಡಿಮೆಯಿದ್ದರೆ ವೈದ್ಯರು ಹೇಳುವ ತನಕ ಬೇಡ. ನೀರೆರೆಯಲು ಬರುವಾಕೆಗೆ ಬೇಸರವಾದೀತೆಂದು ಮಗುವಿನ ಮೈ ತಣ್ಣಗೆ ಮಾಡುವುದು ದಾಕ್ಷಿಣ್ಯದ ಅತಿರೇಕ.

ಹಾಗಾದರೆ ಸಂಘಗಳು ಕೊಡಬೇಕಾದ್ದೇನು? ಬೆನ್ನು ಒರಗಿಸುವ ಕುರ್ಚಿ, ಮಕ್ಕಳ ವಾರ್ಡಿನೊಳಗೇ ತಾಯಂದಿರಿಗೆ ಮಂಚ, ಪರದೆ, ಹತ್ತಿರದಲ್ಲೊಂದು ಶೌಚಾಲಯ, ಮಗುವನ್ನು ಕಟ್ಟಿಕೊಳ್ಳುವ ಹತ್ತಿ ಬಟ್ಟೆ, ಕುಲಾವಿ, ಕಾಲುಚೀಲ. ಮಗು ಮೂರು ವಾರ ಆಸ್ಪತ್ರೆಯಲ್ಲಿದ್ದರೆ ತಾಯಿಗೂ ಜೊತೆಗಿರುವವರಿಗೂ ಎರಡು ಹೊತ್ತಿನ ಊಟ. ಹೋಟೆಲು ಉದ್ಯಮದಲ್ಲಿ ಹೆಸರು ಮಾಡಿದ ಸಮಾಜಕ್ಕೆ ಇದನ್ನು ಹೇಳಿಕೊಡಬೇಕಾಗಿಲ್ಲ. ವಾರ್ಮರನ್ನೇ ಕೊಡುವುದಾದರೆ ಐದು ವರ್ಷದ ಸರ್ವಿಸ್ ಹಣವನ್ನು ಠೇವಣಿ ಇಟ್ಟು ಕೊಡಲಿ. ಪರದೆಯ ಮೇಲೆ ಅಮೃತಶಿಲೆಯ ಫಲಕ ಕೂರುವುದಿಲ್ಲ ಎಂಬ ಚಿಂತೆಯಿದ್ದರೆ ಕುರ್ಚಿಯ ಹಿಂಬದಿಯಲ್ಲಿ ಅಜ್ಜಿಯ ಹೆಸರು ಬರೆಸಬಹುದು.

ಇನ್ನೊಂದು ಸಣ್ಣ ವಸ್ತು ಥರ್ಮಾಮೀಟರು. ಜ್ವರ ನೋಡುವ ಮಾಮೂಲಿ ಪಾದರಸದ ಥರ್ಮಾಮೀಟರು 35 ಡಿಗ್ರಿಗಿಂತ ಕೆಳಗೆ ತೋರಿಸುವುದೇ ಇಲ್ಲ. 32ಕ್ಕೆ ಇಳಿದ ಮಗುವೂ ಅದರಲ್ಲಿ 35ರಂತೆಯೇ ಕಾಣುತ್ತದೆ. ಕಡಿಮೆ ಶಾಖವನ್ನೂ ಅಳೆಯುವಂಥದ್ದು ಬೇರೆಯೇ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ವೈದ್ಯಕೀಯ ನೆರವಿನ ಠರಾವು ಬಂದಾಗ ಕಾರ್ಯದರ್ಶಿಗಳು ಕೊಟೇಶನ್ ತರಿಸುವ ಮೊದಲು ಆ ಆಸ್ಪತ್ರೆಯ ಹಿರಿಯ ನರ್ಸಿಗೆ ಒಂದು ಫೋನು ಮಾಡಲಿ. ಹಿಂದೆ ಕೊಟ್ಟ ಯಂತ್ರ ನಡೆಯುತ್ತಿದೆಯೇ, ಅಂಥ ಥರ್ಮಾಮೀಟರು ಎಷ್ಟಿವೆ, ಒಳಗಿರುವ ಮಕ್ಕಳ ತಾಯಂದಿರು ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ವಿಚಾರಿಸಿ, ಬಂದ ಉತ್ತರವನ್ನು ಸಭೆಯ ಮುಂದಿಡಲಿ.