ಹಾಜರಿ ಕೂಗುವ ಮ್ಯಾನೇಜರುಗಳು

2020ರಲ್ಲಿ ಟಿಸಿಎಸ್ ಒಂದು ಭವಿಷ್ಯ ನುಡಿದಿತ್ತು: 2025ರ ಹೊತ್ತಿಗೆ ತನ್ನ ನೌಕರರಲ್ಲಿ ಶೇ 25ರಷ್ಟು ಮಂದಿ ಮಾತ್ರ ಒಂದು ಹೊತ್ತಿಗೆ ಕಚೇರಿಯಲ್ಲಿದ್ದರೆ ಸಾಕು. ಆ 2025 ಬರುವ ಮೊದಲೇ ಅದೇ ಕಂಪನಿ ವಾರದ ಐದೂ ದಿನ ಬನ್ನಿ ಅಂದಿತು. 2024ರಲ್ಲಿ ಸಂಬಳದ ಬದಲಾಗುವ ಭಾಗವಾದ ವೇರಿಯಬಲ್ ಪೇಯನ್ನು ಹಾಜರಿಗೆ ಗಂಟು ಹಾಕಿತು. ಪತ್ರಿಕೆಗಳಲ್ಲಿ ಬಂದ ಲೆಕ್ಕದಂತೆ ಶೇ 60ಕ್ಕಿಂತ ಕಡಿಮೆ ಹಾಜರಿಗೆ ಸೊನ್ನೆ, ಪೂರ್ತಿ ಹಣ ಬೇಕಿದ್ದರೆ ಶೇ 85 ದಾಟಬೇಕು. ವಿಪ್ರೊ ವಾರಕ್ಕೆ ಮೂರು ದಿನ ಕಡ್ಡಾಯ ಮಾಡಿತು, ಇನ್ಫೊಸಿಸ್ ತಿಂಗಳಿಗೆ 10 ದಿನ. ನಾವು ಓದುವಾಗ ಶೇ 75 ಹಾಜರಿ ಇದ್ದರೆ ಪರೀಕ್ಷೆಗೆ ಕೂರಿಸುತ್ತಿದ್ದರು. ಟಿಸಿಎಸ್ ಮೇಷ್ಟ್ರು ಅದಕ್ಕಿಂತ ಬಿಗಿ.

ಕಚೇರಿಗೆ ಹೋಗುವುದೇ ಅನ್ಯಾಯ ಎಂದು ನಾನು ವಾದಿಸಲಾರೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಮಗುವಿನ ಅಳು, ಕುಕ್ಕರಿನ ಸೀಟಿ, ಕ್ಲೈಂಟ್ ಕಾಲ್ ಮೂರನ್ನೂ ಒಟ್ಟಿಗೆ ನಿಭಾಯಿಸಿದವರಿಗೆ ಕಚೇರಿ ಮೇಜಿನ ಬೆಲೆ ಗೊತ್ತು. ನನ್ನ ತಕರಾರು ಬೇರೆ. ಗೇಟಿನ ಕಾರ್ಡ್ ಸ್ವೈಪ್ ಎಣಿಸಿ ದುಡ್ಡು ಹಂಚುವ ನಾಯಕ, ತಂಡದ ಕೆಲಸ ಅಳೆಯಲು ತನಗೆ ಬೇರೆ ದಾರಿ ತಿಳಿಯದು ಎಂದು ಬರೆದುಕೊಟ್ಟ ಹಾಗೆ.

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬೆಳಿಗ್ಗೆ ನಿಂತು ನೋಡಿ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಈ ಊರಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡು. ನಿಧಾನದಲ್ಲಿ ಜಗತ್ತಿಗೇ ಮೂರನೆಯ ಸ್ಥಾನ. ಹೀಗೆ ತೆವಳಿ ಬಂದವರು ಸ್ವೈಪ್ ಮಾಡಿ, ಹೆಡ್‌ಫೋನ್ ಏರಿಸಿ, ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತ ಮ್ಯಾನೇಜರಿನ ಜೊತೆ ವಿಡಿಯೊ ಕಾಲ್‌ಗೆ ಕೂರುತ್ತಾರೆ. ಪಕ್ಕದ ಕುರ್ಚಿಯವರು ಬೇರೆ ಪ್ರಾಜೆಕ್ಟಿನವರು, ಅವರ ಹೆಸರೂ ಗೊತ್ತಿಲ್ಲ. ರಾಜ್ಯ ಸರ್ಕಾರವೇ ಒಮ್ಮೆ ಕಚೇರಿಗೆ ಕರೆಸುವುದಕ್ಕೆ ಅಡ್ಡ ಬಂದಿತ್ತು. ಮೆಟ್ರೊ ಕಾಮಗಾರಿ ಇದೆ, 2022ರ ಡಿಸೆಂಬರ್‌ವರೆಗೆ ವರ್ಕ್ ಫ್ರಮ್ ಹೋಮ್ ಮುಂದುವರಿಸಿ ಎಂದು 2021ರ ಆಗಸ್ಟಿನಲ್ಲಿ ಈ ರಸ್ತೆಯ ಕಂಪನಿಗಳಿಗೆ ಸಲಹೆ ಕೊಟ್ಟಿತ್ತು. 2025ರಲ್ಲಂತೂ ಮುಖ್ಯಮಂತ್ರಿಗಳು, ಈ ರಸ್ತೆಯ ದಟ್ಟಣೆ ತಗ್ಗಿಸಲು ವಿಪ್ರೊದ ಸರ್ಜಾಪುರ ಕ್ಯಾಂಪಸ್ಸಿನೊಳಗೆ ವಾಹನ ಬಿಡಿ ಎಂದು ಅಜೀಂ ಪ್ರೇಮ್‌ಜಿಯವರಿಗೆ ಪತ್ರ ಬರೆದರು. ಆಗುವುದಿಲ್ಲ ಎಂಬ ಉತ್ತರ ಬಂತು.

ಹೊಸಬರು ಹಿರಿಯರ ಪಕ್ಕ ಕೂತೇ ಕಲಿಯಬೇಕು ಎನ್ನುವ ವಾದಕ್ಕೆ ನಾನು ತಲೆಬಾಗುತ್ತೇನೆ, ಅದರಲ್ಲಿ ಹುರುಳಿದೆ. ಅಮೆರಿಕದ ದೊಡ್ಡ ಕಂಪನಿಯೊಂದರ ಸಾಫ್ಟ್‌ವೇರ್ ಎಂಜಿನಿಯರುಗಳ ಮೇಲೆ ನಡೆದ ಅಧ್ಯಯನದಲ್ಲಿ, ಹತ್ತಿರ ಕೂತವರ ಕೋಡಿಗೆ ಹೆಚ್ಚು ಟಿಪ್ಪಣಿ ಸಿಗುತ್ತಿತ್ತು, ಅದರ ಲಾಭ ಕಿರಿಯರಿಗೇ ಜಾಸ್ತಿ. ಆದರೆ ಕಚೇರಿ ಪಕ್ಷದವರು ಹೇಳದೆ ಬಿಡುವ ಇನ್ನೊಂದು ಅಂಶವೂ ಅಲ್ಲೇ ಇದೆ. ತಂಡದಲ್ಲಿ ಒಬ್ಬರು ದೂರ ಇದ್ದರೂ ಸಾಕು, ಹತ್ತಿರ ಕೂತವರ ನಡುವಿನ ಆ ಮಾತುಕತೆಯೂ ಇಳಿಯುತ್ತದೆ. ಅಂದಮೇಲೆ ಹುಡುಗರನ್ನು ಬೆಂಗಳೂರಿನ ಬೆಳ್ಳಂದೂರಿಗೆ ಎಳೆತಂದು, ಕಲಿಸಬೇಕಾದವರನ್ನು ಇನ್ನೊಂದು ಊರಲ್ಲಿಟ್ಟರೆ ಸಿಗುವುದು ಏನು? ಹಾಜರಿ ಪಟ್ಟಿ.

ಇತ್ತ ಶಾಂಘೈನ ಟ್ರಿಪ್.ಕಾಮ್ ಕಂಪನಿ 1,612 ನೌಕರರ ಮೇಲೆ ಪ್ರಯೋಗ ಮಾಡಿ ನೋಡಿತು. ಅರ್ಧ ಜನಕ್ಕೆ ಬುಧವಾರ, ಶುಕ್ರವಾರ ಮನೆಯಿಂದ ಕೆಲಸ. 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಕೆಲಸ ಬಿಡುವವರು ಮೂರನೇ ಒಂದರಷ್ಟು ಇಳಿದರು. ಕೆಲಸದ ಗುಣಮಟ್ಟದಲ್ಲಿ, ಬಡ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಉತ್ಪಾದಕತೆ ಕುಸಿಯುತ್ತದೆ ಎಂದು ಮೊದಲು ಹೇಳಿದ್ದ ಮ್ಯಾನೇಜರುಗಳೇ ಕೊನೆಗೆ ತುಸು ಹೆಚ್ಚಿತು ಅಂದರು. ಅಲ್ಲಿ ಮಾಡಿ ನೋಡಿ ಮಾತು ಬದಲಿಸಿದರು. ಇಲ್ಲಿ ಮಾತು ಮೊದಲು, ನೋಡುವುದು ಆಮೇಲೆ.

ಸ್ವಲ್ಪ ಕಚೇರಿ, ಸ್ವಲ್ಪ ಮನೆ ಎನ್ನುವ ಈ ಹೈಬ್ರಿಡ್ ಪದ್ಧತಿ ಕೆಡುವುದು ಎಲ್ಲಿ ಎಂಬುದನ್ನು ನಾನು ಕೆಲಸ ಮಾಡಿದ ಒಂದು ತಂಡದಲ್ಲೇ ಕಂಡೆ. ಆರು ಜನ ಮೀಟಿಂಗ್ ರೂಮಿನಲ್ಲಿ, ಇಬ್ಬರು ಪರದೆಯ ಮೇಲೆ. ಕಾಲ್ ಕಟ್ಟಾದ ಮೇಲೆ ಕಾಫಿ ಮಷಿನ್ ಹತ್ತಿರ ನಿಜವಾದ ತೀರ್ಮಾನ ಆಗುತ್ತಿತ್ತು. ಪರದೆಯ ಮೇಲಿದ್ದವರಲ್ಲಿ ಹಾವೇರಿ ಕಡೆಯ ಹುಡುಗನೊಬ್ಬ, ಹತ್ತನೆಯವರೆಗೆ ಕನ್ನಡ ಮಾಧ್ಯಮ. ನಾವು ಬೇಡವೆಂದು ಕೈಬಿಟ್ಟ ವಿಧಾನಕ್ಕೇ ಅವನು ಎರಡು ದಿನ ಕೋಡ್ ಬರೆದ. ಯಾರೂ ಅವನಿಗೆ ಹೇಳಿರಲಿಲ್ಲ, ನಾನೂ.

ಆಮೇಲೆ ಎರಡು ನಿಯಮ ಬಂದವು. ಒಬ್ಬರು ಪರದೆಯಲ್ಲಿದ್ದರೆ ಎಲ್ಲರೂ ತಂತಮ್ಮ ಲ್ಯಾಪ್‌ಟಾಪಿನಿಂದಲೇ ಸೇರಬೇಕು. ಏನು ತೀರ್ಮಾನ, ಯಾಕೆ, ಯಾರು ಒಪ್ಪಲಿಲ್ಲ ಎಂಬುದನ್ನು ಅದೇ ದಿನ ಎಲ್ಲರಿಗೂ ಕಾಣುವ ಕಡೆ ಬರೆಯಬೇಕು. ಬರೆಯುವ ಹೊಣೆ ಫ್ರೆಷರಿನದಲ್ಲ, ತಂಡ ನಡೆಸುವವರದು. ಮೊದಲ ವಾರ ಗೊಣಗಾಟ ಜೋರಾಗಿತ್ತು. ಬರೆಯಲು ಕೂತಾಗ ನಮ್ಮ ಅರ್ಧ ತೀರ್ಮಾನಗಳಿಗೆ ಕಾರಣವೇ ಇರಲಿಲ್ಲ ಎಂಬುದು ಬಯಲಾಯಿತು. ಗೊಣಗಾಟ ಅದಕ್ಕೇ ಇರಬೇಕು. ಪಟಪಟ ಇಂಗ್ಲಿಷಿನ ಕಾಲ್‌ಗಳಲ್ಲಿ ಮ್ಯೂಟ್ ಆಗಿಯೇ ಇರುತ್ತಿದ್ದ ಹಾವೇರಿಯ ಹುಡುಗ ಬರಹದಲ್ಲಿ ಮೂರು ತಪ್ಪು ಹಿಡಿದ, ಒಂದು ನನ್ನದೇ. ಮಾತಿಗೆ ನಿಂತರೆ ಮೂರು ಸಲ ಸಾರಿ ಅನ್ನುತ್ತಿದ್ದವನು ಅಲ್ಲಿ ಎಲ್ಲೂ ತಡವರಿಸಲಿಲ್ಲ.

ಆ ವರ್ಷದ ಅಪ್ರೈಸಲ್‌ನಲ್ಲಿ ಅವನ ಬಗ್ಗೆ ಮೇಲಿನಿಂದ ಬಂದ ಟೀಕೆ ಒಂದೇ ಸಾಲಿನದು: ಕ್ಯಾಮೆರಾ ಆನ್ ಮಾಡುವುದಿಲ್ಲ.