ವೈದ್ಯಕೀಯ ಸಂಶೋಧನೆ: ಅಧ್ಯಾಪಕರ ಬೆನ್ನಿಗೆ ನಿಲ್ಲುವವರು ಯಾರು?

ಮುಂಬಯಿ: ಊರಿನಿಂದ ಬಂದ ಬಂಧುಗಳನ್ನು ಒಮ್ಮೆಯಾದರೂ ಪರೇಲಿನ ಟಾಟಾ ಆಸ್ಪತ್ರೆಗೆ ಕರೆದುಕೊಂಡು ಹೋಗದ ಕನ್ನಡಿಗ ಕುಟುಂಬ ಈ ಮಹಾನಗರದಲ್ಲಿ ಅಪರೂಪ. ಅಲ್ಲಿ ವೈದ್ಯರು ಬರೆದುಕೊಡುವ ಔಷಧಗಳ ಹಿಂದೆ ಸಂಶೋಧಕರ ವರ್ಷಗಟ್ಟಲೆ ದುಡಿಮೆಯಿದೆ. ಆ ದುಡಿಮೆಗೆ ಹಣ ಎಲ್ಲಿಂದ ಬರುತ್ತದೆ ಎಂಬ ವಿಚಾರ ಮಾತ್ರ ನಮ್ಮ ಸಭೆಗಳಲ್ಲಿ ಚರ್ಚೆಗೆ ಬರುವುದಿಲ್ಲ.

2020-21ರಲ್ಲಿ ನಮ್ಮ ದೇಶ ಎಲ್ಲ ಬಗೆಯ ಸಂಶೋಧನೆಗೆ ವ್ಯಯಿಸಿದ್ದು ಜಿಡಿಪಿಯ ಶೇ. 0.64 ಮಾತ್ರ. ಈ ಕೊರತೆ ತುಂಬಲು 2023ರಲ್ಲಿ ಸಂಸತ್ತು ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯಿದೆಯನ್ನು ಅಂಗೀಕರಿಸಿತು. 2028ರ ವರೆಗಿನ ಐದು ವರ್ಷಗಳಿಗೆ ಅಂದಾಜಿಸಿದ ಮೊತ್ತ 50,000 ಕೋಟಿ ರೂ. ಇದರಲ್ಲಿ ಸುಮಾರು 36,000 ಕೋಟಿ ರೂ. ಉದ್ಯಮಗಳು, ದಾನಿಗಳು ಮುಂತಾದ ಸರಕಾರೇತರ ಮೂಲಗಳಿಂದ ಬರಬೇಕೆಂಬುದು ಲೆಕ್ಕಾಚಾರ. ಅಂದರೆ ಮುಕ್ಕಾಲು ಪಾಲಿಗೆ ಹತ್ತಿರ ಹತ್ತಿರದ ಹೊಣೆ ಸಮಾಜದ ಮೇಲಿದೆ.

ಸಮಾಜ ಈ ಹೊಣೆ ಹೊತ್ತ ಉದಾಹರಣೆ ಇಲ್ಲದಿಲ್ಲ. ಬೆಂಗಳೂರಿನಲ್ಲಿ ಬೆಳೆದ ಮೆಹರ್‌ಬಾಯಿ ಟಾಟಾ ಅವರು 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷವೇ ಪತಿ ಸರ್ ದೊರಾಬ್ಜಿ ಟಾಟಾ ಅವರು ಆ ಕಾಯಿಲೆಯ ಸಂಶೋಧನೆಗಾಗಿ ಲೇಡಿ ಟಾಟಾ ಮೆಮೋರಿಯಲ್ ಟ್ರಸ್ಟ್ ಸ್ಥಾಪಿಸಿದರು. 1941ರಲ್ಲಿ ಪರೇಲಿನ ಆಸ್ಪತ್ರೆ ಆರಂಭವಾಯಿತು. ಇತ್ತೀಚೆಗೆ, 2022ರಲ್ಲಿ, ಬಾಗ್ಚಿ ಹಾಗೂ ಪಾರ್ಥಸಾರಥಿ ದಂಪತಿಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈದ್ಯಕೀಯ ಶಾಲೆ ಮತ್ತು ಆಸ್ಪತ್ರೆಗೆ 425 ಕೋಟಿ ರೂ. ದೇಣಿಗೆ ಘೋಷಿಸಿದರು.

ಆದರೆ ದೊಡ್ಡ ದಾನ ದೊಡ್ಡ ಹೆಸರಿನ ಸಂಸ್ಥೆಗಳಿಗೇ ಸಲ್ಲುತ್ತದೆ. ಜಿಲ್ಲಾ ಕೇಂದ್ರದ ವೈದ್ಯಕೀಯ ಕಾಲೇಜಿನ ಅಧ್ಯಾಪಕರ ಪಾಡೇನು? ಬೆಳಗ್ಗೆ ಹೊರರೋಗಿಗಳ ತಪಾಸಣೆ, ಮಧ್ಯಾಹ್ನ ಪಾಠ, ನಡುವೆ ಪರೀಕ್ಷಾ ಕೆಲಸ. ಬಡ್ತಿಗೆ ಸಂಶೋಧನಾ ಪ್ರಬಂಧವೂ ಬೇಕು. ಅನುದಾನಕ್ಕೆ ಅರ್ಜಿ ಹಾಕಲು ಪ್ರಾಥಮಿಕ ಅಧ್ಯಯನದ ಫಲಿತಾಂಶ ತೋರಿಸಿದರೆ ಬಲ ಬರುತ್ತದೆ. ಆ ಅಧ್ಯಯನಕ್ಕೇ ಹಣವಿರುವುದಿಲ್ಲ. ಮಂಜೂರಾದ ಬಳಿಕವೂ ಖರ್ಚಿನ ಲೆಕ್ಕ ಒಪ್ಪಿಸಿ ಬಳಕೆ ಪ್ರಮಾಣಪತ್ರ ಸಲ್ಲಿಸದೆ ಮುಂದಿನ ಕಂತು ಬಿಡುಗಡೆಯಾಗದು. ಈ ಕಡತಗಳನ್ನು ನೋಡಿಕೊಳ್ಳಲು ಪ್ರತ್ಯೇಕ ಸಿಬ್ಬಂದಿಯಿಲ್ಲದ ಕಾಲೇಜಿನಲ್ಲಿ ಅಧ್ಯಾಪಕರೇ ಗುಮಾಸ್ತರಾಗಬೇಕಾಗುತ್ತದೆ.

ಸರಕಾರ ಕೆಲವು ಹೆಜ್ಜೆ ಇಟ್ಟಿದೆ. ಸರಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಬಹುಶಿಸ್ತೀಯ ಸಂಶೋಧನಾ ಘಟಕಗಳನ್ನು ತೆರೆಯುವ ಯೋಜನೆ ನಡೆದಿದೆ. ಹೊಸ ಪ್ರತಿಷ್ಠಾನವು ಮುಂಚೂಣಿಯ ಸಂಸ್ಥೆಗಳು ಇತರ ವಿಶ್ವವಿದ್ಯಾನಿಲಯಗಳಿಗೆ ಮಾರ್ಗದರ್ಶನ ನೀಡುವ ಯೋಜನೆಯನ್ನು 2024ರಲ್ಲಿ ಪ್ರಕಟಿಸಿದೆ. ಸಂಶೋಧನಾ ಅನುದಾನಕ್ಕೂ ತೆರಿಗೆ ಕಟ್ಟಬೇಕೆಂದು ಕೆಲವು ಸಂಸ್ಥೆಗಳಿಗೆ ನೋಟಿಸು ಹೋಗಿ ಗದ್ದಲವಾದ ಬಳಿಕ, ಕಾನೂನಿನಡಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳಿಗೆ ವಿನಾಯಿತಿ ನೀಡಲು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಿತು. ಇವೆಲ್ಲ ಸ್ವಾಗತಾರ್ಹ. ಆದರೂ ಮೊದಲ ಅಧ್ಯಯನಕ್ಕೆ ಬೇಕಾದ ಸಣ್ಣ ಮೊತ್ತದ ಕೊರತೆ ಇದರಿಂದ ನೀಗಿಲ್ಲ.

ಇಲ್ಲಿ ಹೊರನಾಡ ಕನ್ನಡಿಗರು ಕೈಜೋಡಿಸಬಹುದು. ದತ್ತಿ ಉಪನ್ಯಾಸ, ದತ್ತಿ ಬಹುಮಾನ, ವಿದ್ಯಾರ್ಥಿವೇತನ ನಮ್ಮ ಸಂಘಗಳಿಗೆ ಹೊಸತಲ್ಲ. ಅದೇ ಮಾದರಿಯಲ್ಲಿ ಪ್ರಾಥಮಿಕ ಅಧ್ಯಯನಕ್ಕೊಂದು ದತ್ತಿನಿಧಿ ಏಕಿರಬಾರದು? ಕಂಪೆನಿ ನಡೆಸುವ ಸದಸ್ಯರು ಇನ್ನೊಂದು ಅಂಶ ಗಮನಿಸಬೇಕು. ಕಂಪೆನಿ ಕಾಯಿದೆಯಂತೆ ಸಾಮಾಜಿಕ ಹೊಣೆಗಾರಿಕೆಗೆ ಮೀಸಲಿಡುವ ಶೇ. 2 ಲಾಭಾಂಶವನ್ನು ಸಂಶೋಧನೆ ನಡೆಸುವ ಸರಕಾರಿ ಅನುದಾನಿತ ವಿಶ್ವವಿದ್ಯಾನಿಲಯಗಳಿಗೂ ನೀಡಲು ಅವಕಾಶವಿದೆ. ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಲೆಕ್ಕ ಪರಿಶೋಧಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಲೆಕ್ಕಪತ್ರದಲ್ಲಿ ಅವರು ಕೊಡುವ ನೆರವು ಹಣದಷ್ಟೇ ಬೆಲೆಯುಳ್ಳದ್ದು.

ಕೆಲವು ಎಚ್ಚರಿಕೆಗಳೂ ಅಗತ್ಯ. ಹಣ ವ್ಯಕ್ತಿಯ ಕೈಗಲ್ಲ, ಸಂಸ್ಥೆಯ ಖಾತೆಗೆ ಹೋಗಬೇಕು. ನೈತಿಕ ಸಮಿತಿಯ ಒಪ್ಪಿಗೆ ಕಡ್ಡಾಯವಾಗಿರಬೇಕು. ಫಲಿತಾಂಶ ಏನೇ ಬರಲಿ, ದಾನಿಗಳು ಅದರಲ್ಲಿ ಕೈ ಹಾಕಬಾರದು. ಹತ್ತು ಅಧ್ಯಯನಗಳಲ್ಲಿ ಎಂಟು ಫಲ ಕೊಡದಿರಬಹುದು. ಅದನ್ನು ನಷ್ಟವೆಂದು ತಿಳಿಯಬಾರದು.

ಆರೋಗ್ಯ ಶಿಬಿರ ನಡೆಸಿ ಇಂದಿನ ರೋಗಿಯ ಕಣ್ಣೀರು ಒರೆಸುತ್ತಿರುವ ಸಂಘಗಳು ನಾಳಿನ ರೋಗಿಯ ಬಗ್ಗೆಯೂ ಯೋಚಿಸಲಿ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಒಂದು ಸಾಲು ಮೀಸಲಿಟ್ಟರೂ ಒಳ್ಳೆಯ ಆರಂಭವಾದೀತು.