ಪ್ರಾಣಿಶಾಸ್ತ್ರದ ಓದು ಮತ್ತು ನಮ್ಮ ಮನೆತನಗಳು

ದ್ವಿತೀಯ ಪಿಯುಸಿ ಫಲಿತಾಂಶದ ಬೆನ್ನಿಗೇ ನೀಟ್ ಫಲಿತಾಂಶವೂ ಬಂದಾಗ, ವಿಜ್ಞಾನ ಓದಿದ ಮಕ್ಕಳಿರುವ ಮನೆಗಳಲ್ಲಿ ಚಿಂತೆ ಮೊದಲಾಗುತ್ತದೆ. ವೈದ್ಯಕೀಯ ಸೀಟು ಕೈತಪ್ಪಿದರೆ "ಇನ್ನೇನು, ಬಿಎಸ್ಸಿಗೆ ಹಚ್ಚೋಣ" ಎಂಬ ಮಾತು ನಿಟ್ಟುಸಿರಿನೊಡನೆ ಹೊರಡುತ್ತದೆ. ಅದರಲ್ಲಿಯೂ ಮಗಳು ಪ್ರಾಣಿಶಾಸ್ತ್ರವನ್ನು ಆರಿಸಿಕೊಂಡಳೆಂದರೆ ಹಿರಿಯರಿಂದ ಎರಡು ಆಕ್ಷೇಪಗಳು ಬರುತ್ತವೆ. ಕಪ್ಪೆ, ಜಿರಲೆಗಳನ್ನು ಕೊಯ್ಯುವ ಓದು ನಮ್ಮಂಥ ಮನೆಗೆ ಒಪ್ಪುವುದೇ ಎಂಬುದು ಒಂದು. ಓದಿ ಆಗುವ ಪ್ರಯೋಜನವೇನು ಎಂಬುದು ಇನ್ನೊಂದು. ಎರಡೂ ತಳ್ಳಿಹಾಕುವ ಮಾತುಗಳಲ್ಲ. ಸಮಾಧಾನದಿಂದ ವಿಚಾರ ಮಾಡಬೇಕಾದವು.

ಮೊದಲನೆಯದನ್ನು ನೋಡೋಣ. ಜೀವದಯೆಯ ಮಾತನ್ನು ತೊಟ್ಟಿಲಿನಿಂದಲೇ ಕೇಳಿ ಬೆಳೆದ ಮಕ್ಕಳಿಗೆ ಪ್ರಯೋಗಶಾಲೆಯಲ್ಲಿ ಕತ್ತರಿ ಹಿಡಿಯುವುದು ಕಷ್ಟವಾಗುತ್ತಿದ್ದುದು ನಿಜ. ಆ ಕಾರಣಕ್ಕಾಗಿಯೇ ಈ ವಿಷಯವನ್ನು ಬಿಟ್ಟವರು ಹಿಂದಿನ ತಲೆಮಾರಿನಲ್ಲಿ ಇದ್ದಾರೆ. ಆದರೆ ಕಾಲ ಬದಲಾಗಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಪ್ರಾಣಿಗಳನ್ನು ಕೊಯ್ಯುವ ಪಾಠವನ್ನು ಹಂತಹಂತವಾಗಿ ಕಡಿಮೆ ಮಾಡಬೇಕೆಂದು ಸೂಚಿಸಿತು. 2014ರಲ್ಲಿ ಪ್ರಾಣಿಶಾಸ್ತ್ರ ಮತ್ತು ಜೀವವಿಜ್ಞಾನದ ತರಗತಿಗಳಲ್ಲಿ ಅದನ್ನು ನಿಲ್ಲಿಸುವಂತೆ ತಿಳಿಸಿತು. ಇಂದು ಮಾದರಿಗಳು, ಸಿದ್ಧಪಡಿಸಿದ ಸ್ಲೈಡುಗಳು, ಗಣಕಯಂತ್ರದ ಚಿತ್ರಗಳು ಹಾಗೂ ಹೊಲ, ಕೆರೆಗಳ ವೀಕ್ಷಣೆ ಆ ಸ್ಥಾನವನ್ನು ತುಂಬುತ್ತಿವೆ. ಆದ್ದರಿಂದ ಹಳೆಯ ಅಂಜಿಕೆಯೊಂದನ್ನೇ ಕಾರಣ ಮಾಡಿ ಮಗುವಿನ ಆಸಕ್ತಿಗೆ ಅಡ್ಡ ನಿಲ್ಲಬೇಕಾಗಿಲ್ಲ.

ಪ್ರಯೋಜನದ ಪ್ರಶ್ನೆಗೆ ಉತ್ತರ ನಮ್ಮ ಜಿಲ್ಲೆಯ ಹೊಲಗಳಲ್ಲಿಯೇ ಇದೆ. ರಾಯಚೂರು ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ನಾಡು. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಯ ಭಾಗಕ್ಕೆ ಭತ್ತವನ್ನು ತಂದಿತು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಭೂಮಿಗೆ ನೀರು ಕೊಟ್ಟಿತು. ನೀರಿನ ಹಿಂದೆ ಬೆಳೆ ಬಂದಿತು, ಬೆಳೆಯ ಹಿಂದೆ ಕೀಟವೂ ಬಂದಿತು. ಹತ್ತಿಯ ಗುಲಾಬಿ ಕಾಯಿಕೊರಕ ಹುಳು ಕಾಯಿಯ ಒಳಗೆ ಸೇರಿಬಿಟ್ಟರೆ ಮೇಲೆ ಸಿಂಪಡಿಸಿದ ಔಷಧಿ ಅದಕ್ಕೆ ತಟ್ಟುವುದೇ ಇಲ್ಲ. 2002ರಲ್ಲಿ ನಮ್ಮ ದೇಶಕ್ಕೆ ಬಂದ ಬಿಟಿ ಹತ್ತಿಯನ್ನೂ ಅದು ಕೆಲವೇ ವರ್ಷಗಳಲ್ಲಿ ಜಯಿಸಿತು. ಆದರೆ ಅದರ ಜೀವನಚಕ್ರವನ್ನು ಬಲ್ಲವರಿಗೆ ಒಂದು ದಾರಿ ಕಾಣುತ್ತದೆ. ಅದರ ಮುಖ್ಯ ಆಹಾರ ಹತ್ತಿಯೇ. ಹಂಗಾಮು ಮುಗಿದೊಡನೆ ಗಿಡಗಳನ್ನು ಕಿತ್ತು ಹೊಲವನ್ನು ಬರಿದು ಮಾಡಿದರೆ ಮುಂದಿನ ಪೀಳಿಗೆಗೆ ಆಸರೆ ಸಿಗದು. ಮೋಹಕ ಬಲೆಗಳನ್ನು ಇಟ್ಟು ಪತಂಗಗಳ ಸಂಖ್ಯೆ ಎಣಿಸಿದರೆ ಯಾವಾಗ ಎಚ್ಚರ ವಹಿಸಬೇಕೆಂಬುದೂ ತಿಳಿಯುತ್ತದೆ. ಭತ್ತದ ಕಂದು ಜಿಗಿಹುಳುವಿನ ಕಥೆಯೂ ಇಂಥದೇ. ಮಿತಿಮೀರಿ ಔಷಧಿ ಹೊಡೆದಾಗ ಆ ಹುಳುವನ್ನು ತಿನ್ನುವ ಜೇಡಗಳು ಮೊದಲು ಸಾಯುತ್ತವೆ. ಆಮೇಲೆ ಹುಳು ಇಮ್ಮಡಿಯಾಗಿ ಏಳುತ್ತದೆ. ಯಾವ ಜೀವಿ ಯಾವುದನ್ನು ತಿಂದು ಬದುಕುತ್ತದೆ ಎಂಬ ತಿಳಿವಳಿಕೆ ರೈತನ ಸಾಲವನ್ನು ಇಳಿಸಬಲ್ಲದು.

ಆರೋಗ್ಯದ ಮಾತಿಗೆ ಬಂದರೆ, ನಮ್ಮ ಅಜ್ಜಿಯಂದಿರು ನಾರುಹುಣ್ಣಿನ ನೋವನ್ನು ಬಲ್ಲವರು. ಕಾಲಿನಿಂದ ದಾರದಂತಹ ಹುಳು ಹೊರಬರುತ್ತಿದ್ದ ಆ ಬೇನೆ ಉತ್ತರ ಕರ್ನಾಟಕದ ಹಳ್ಳಿಗಳನ್ನು ಕಾಡಿತ್ತು. ಮೆಟ್ಟಿಲು ಬಾವಿಯ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸೂಕ್ಷ್ಮಜೀವಿಯು ಆ ಹುಳುವಿನ ಮರಿಗಳನ್ನು ಹೊತ್ತಿರುತ್ತದೆಂದು ಪ್ರಾಣಿಶಾಸ್ತ್ರ ತೋರಿಸಿಕೊಟ್ಟಿತು. ಲಸಿಕೆಯೂ ಇರಲಿಲ್ಲ, ಹುಳುವನ್ನು ಕೊಲ್ಲುವ ಔಷಧಿಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಬಾವಿಯೊಳಗೆ ಕಾಲಿಡದಂತೆ ನೋಡಿಕೊಳ್ಳುವುದು, ಕೊಳವೆಬಾವಿ ಕೊರೆಯುವುದು, ಇಂಥ ಕ್ರಮಗಳಿಂದ 1996ರ ಹೊತ್ತಿಗೆ ಭಾರತದಲ್ಲಿ ಆ ರೋಗ ನಿಂತಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ದೃಢೀಕರಿಸಿತು. ಮಲೇರಿಯಾದ ವಿಚಾರವೂ ದೂರದ್ದಲ್ಲ. ರೊನಾಲ್ಡ್ ರಾಸ್ ಅವರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಆಗ ರಾಯಚೂರು ಕೂಡ ಅದೇ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು.

ಇನ್ನು ವ್ಯಾಸಂಗದ ಕ್ರಮ. ಈಚಿನ ವರ್ಷಗಳಲ್ಲಿ ನಿಯಮಗಳು ಬೇಗಬೇಗನೆ ಬದಲಾದ ಕಾರಣ ಪಾಲಕರಲ್ಲಿ ಗೊಂದಲವಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದಿತು. ಒಂದು ವಿಷಯವನ್ನು ಮೇಜರ್ ಎಂದು ಆಳವಾಗಿ, ಇನ್ನೊಂದನ್ನು ಮೈನರ್ ಎಂದು ಜೊತೆಯಾಗಿ ಓದುವ ಕ್ರಮ ಅದು. ಕಲೆ, ವಾಣಿಜ್ಯ ಓದುವವರೂ ಮುಕ್ತ ಆಯ್ಕೆಯಲ್ಲಿ ಪ್ರಾಣಿಶಾಸ್ತ್ರದ ಪ್ರಾಥಮಿಕ ಪಾಠಗಳನ್ನು ಕಲಿಯಬಹುದಿತ್ತು. ಸರಕಾರವು 2024ರ ಮೇ ತಿಂಗಳಲ್ಲಿ ಆದೇಶ ಹೊರಡಿಸಿ, 2024-25ರಿಂದ ಮೂರು ವರ್ಷದ ಪದವಿಯನ್ನು ಮರಳಿ ತಂದಿತು. ಹೊಸದಾಗಿ ಸೇರುವವರಿಗೆ ಆರು ಸೆಮಿಸ್ಟರಿನ ಓದು. ರಸಾಯನಶಾಸ್ತ್ರ, ಸಸ್ಯಶಾಸ್ತ್ರಗಳೊಡನೆ ಪ್ರಾಣಿಶಾಸ್ತ್ರವನ್ನು ತೆಗೆದುಕೊಳ್ಳುವುದು ರೂಢಿ. ಅಣ್ಣ ಓದಿದ ಕ್ರಮವೇ ತಂಗಿಗೂ ಇರುತ್ತದೆಂದು ತಿಳಿಯಬಾರದು. ಪ್ರವೇಶಕ್ಕೆ ಮೊದಲು ಆ ವರ್ಷದ ನಿಯಮವನ್ನು ಕಾಲೇಜಿನಲ್ಲಿಯೇ ಕೇಳಿಕೊಳ್ಳಬೇಕು.

1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಬಹುಕಾಲ ನಮ್ಮ ಮಕ್ಕಳು ಎಲ್ಲದಕ್ಕೂ ಆ ಕಡೆಗೇ ನೋಡಬೇಕಾಗಿತ್ತು. ಈಗ ಯರಗೇರಾ ಬಳಿ ರಾಯಚೂರಿಗೇ ಪ್ರತ್ಯೇಕ ವಿಶ್ವವಿದ್ಯಾಲಯವಾಗಿದೆ. ನಗರದಲ್ಲಿ ಎಲ್‌ವಿಡಿಯಂತಹ ಹಳೆಯ ಕಾಲೇಜಿದೆ. ದೇವದುರ್ಗ, ಮಾನ್ವಿಗಳಲ್ಲಿ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಊರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಉಂಟೇ, ಉಪನ್ಯಾಸಕರಿದ್ದಾರೆಯೇ, ಸೂಕ್ಷ್ಮದರ್ಶಕಗಳು ಸುಸ್ಥಿತಿಯಲ್ಲಿವೆಯೇ ಎಂಬ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ. 371ಜೆ ವಿಧಿಯಿಂದ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಪ್ರವೇಶದಲ್ಲಿಯೂ ನೌಕರಿಯಲ್ಲಿಯೂ ಮೀಸಲಾತಿ ಇದೆ. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ.

ಒಂದು ಮಾತನ್ನು ಮುಚ್ಚಿಡಬಾರದು. ಬರಿಯ ಬಿಎಸ್ಸಿ ಪದವಿಯಿಂದ ಕೆಲಸ ತಾನಾಗಿ ಬರುವುದಿಲ್ಲ. ಶಿಕ್ಷಕರಾಗಲು ಬಿಎಡ್, ಕಾಲೇಜಿನಲ್ಲಿ ಬೋಧಿಸಲು ಎಂಎಸ್ಸಿ ಮತ್ತು ನೆಟ್ ಅಥವಾ ಕೆ-ಸೆಟ್ ಬೇಕು. ಕೀಟಶಾಸ್ತ್ರವನ್ನೇ ಕೃಷಿಯ ದೃಷ್ಟಿಯಿಂದ ಓದಬೇಕೆಂಬ ಹಂಬಲವಿದ್ದರೆ, 2009ರಿಂದ ನಮ್ಮಲ್ಲಿರುವ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಕಡೆ ಮೊದಲಿಗೇ ಕೃಷಿ ಪದವಿಗೆ ಸೇರುವುದು ಸರಿಯಾದ ದಾರಿ. ಈ ವ್ಯತ್ಯಾಸವನ್ನು ಆರಂಭದಲ್ಲಿಯೇ ಅರಿತವರು ಮೂರು ವರ್ಷಗಳ ಬಳಿಕ ಪರಿತಪಿಸಬೇಕಾಗುವುದಿಲ್ಲ.

ಎರಡನೆಯ ಬಾರಿ, ಮೂರನೆಯ ಬಾರಿ ನೀಟ್ ಬರೆಯುತ್ತ ಕೋಣೆಯಲ್ಲಿ ಬಾಡುತ್ತಿರುವ ಮಕ್ಕಳು ನಮ್ಮ ನಡುವೆ ಇದ್ದಾರೆ. ಸೀಟು ಸಿಗದ ಮಗುವನ್ನು ಸೋತವಳೆಂದು ಕಾಣುವ ದೃಷ್ಟಿಯನ್ನು ಮೊದಲು ನಾವು ಬಿಡಬೇಕು. ಇರುವೆಯ ಸಾಲನ್ನು ನೋಡುತ್ತ ಊಟಕ್ಕೆ ಏಳದ ಮಗು, ಹೊಲದಲ್ಲಿ ಹುಳು ಕಂಡರೆ ಹೆಸರು ಕೇಳುವ ಮಗು ನಿಮ್ಮ ಮನೆಯಲ್ಲಿದ್ದರೆ ಪ್ರಾಣಿಶಾಸ್ತ್ರವೇ ಅದರ ಮೊದಲ ಆಯ್ಕೆಯಾಗಲಿ. ಎಲ್ಲ ಜೀವಿಗಳ ಬಾಳನ್ನು ಅರಿಯುವ ವಿದ್ಯೆ ನಮ್ಮ ಮನೆಗಳ ಆಚಾರಕ್ಕೆ ಹೊರತಾದುದಲ್ಲ. ಮಕ್ಕಳೊಡನೆ ಕುಳಿತು ಮಾತನಾಡಿರಿ. ಅವರ ಒಲವನ್ನು ಕೇಳಿದ ಮೇಲೆಯೇ ಅರ್ಜಿ ತುಂಬಿರಿ.